ಮಾಯಾ ಜನರ ಮಣ್ಣಿನ ಗೊಂಬೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಯಾ ನಾಗರಿಕತೆ ಎಂದೊಡನೆ ಪಿರಮಿಡ್ಡು, ಪಂಚಾಂಗ, ನರಬಲಿ ಮಾತಿಗೆ ಬರುತ್ತವೆ. ಗೇಣುದ್ದವೂ ಇಲ್ಲದ ಮಣ್ಣಿನ ಗೊಂಬೆಗಳ ಬಗ್ಗೆ ಕೇಳುವವರು ಕಡಿಮೆ. ಕೇಳುವವರು ಮಾತ್ರ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಸುಲಭದವು ಮೊದಲು, ಬಿಗಿಯಾದವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

### ಮೊದಲ ಪರಿಚಯ

ಈ ಗೊಂಬೆಗಳು ಎಲ್ಲಿ ಸಿಕ್ಕಿದ್ದು? ಎಷ್ಟು ಹಳೆಯವು?

ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ಗಳ ಪಶ್ಚಿಮದ ಅಂಚು, ಇಷ್ಟು ಸೀಮೆಯಲ್ಲಿ ಮಾಯಾ ಜನ ನೆಲೆಸಿದ್ದರು, ಈಗಲೂ ನೆಲೆಸಿದ್ದಾರೆ. ಗೊಂಬೆಗಳೂ ಈ ಸೀಮೆಯ ಉದ್ದಗಲಕ್ಕೆ ಸಿಗುತ್ತವೆ. ಪುಸ್ತಕಗಳಲ್ಲಿ, ಮ್ಯೂಸಿಯಂಗಳಲ್ಲಿ ನಾವು ಕಾಣುವ ಹೆಚ್ಚಿನವು ಕ್ರಿ.ಶ. 600ರಿಂದ 900ರ ನಡುವಿನವು. ನಮ್ಮಲ್ಲಿ ಬಾದಾಮಿ ಚಾಲುಕ್ಯರು, ಅವರ ಹಿಂದೆಯೇ ರಾಷ್ಟ್ರಕೂಟರು ಆಳುತ್ತಿದ್ದ ಕಾಲ ಅದು. ಇದಕ್ಕಿಂತ ಬಹಳ ಹಿಂದಿನ, ಕ್ರಿ.ಪೂ. 900ರಿಂದ 300ರ ಸುಮಾರಿನ ಇನ್ನೊಂದು ತಲೆಮಾರಿನ ಗೊಂಬೆಗಳೂ ಇವೆ. ಅವು ಒಳಗೆ ಗಟ್ಟಿ, ಪೂರ್ತಿ ಕೈಯಲ್ಲೇ ಮಾಡಿದವು.

ಸಾಮಾನ್ಯ ಎತ್ತರ 10ರಿಂದ 25 ಸೆಂಟಿಮೀಟರ್. ಇದು ಇಡೀ ಗೊಂಬೆಯ ಲೆಕ್ಕ. ನೆಲ ಅಗೆಯುವವರ ಕೈಗೆ ಸಿಗುವುದು ಹೆಚ್ಚಾಗಿ ಹೆಬ್ಬೆರಳಿನಷ್ಟು ಚೂರು: ಒಂದು ತಲೆ, ಒಂದು ಪಾದ, ಊದುವ ಕೊಳವೆಯ ತುಂಡು.

ಮಾಯಾ ಅಂದ್ರೆ ನಮ್ಮ ಮಯಾಸುರನ ಕಡೆಯವರು ಅಂತಾರಲ್ಲ? ಸೋಮನಾಥಪುರದ ಗುಡಿಯಲ್ಲಿ ಮೆಕ್ಕೆಜೋಳ ಕೆತ್ತಿದ್ದಾರಂತೆ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಹೆಸರು ಕಿವಿಗೆ ಒಂದೇ ಥರ ಕೇಳುತ್ತದೆ, ಅಷ್ಟೇ. ಭಾಷೆ, ಲಿಪಿ, ಮಣ್ಣು, ಮೂಳೆ ಯಾವುದರಲ್ಲೂ ನಂಟಿಗೆ ಆಧಾರವಿಲ್ಲ.

ಎರಡನೆಯದು ಪಂಡಿತರೇ ಹುಟ್ಟುಹಾಕಿದ ವಾದ. ಹೊಯ್ಸಳ ಗುಡಿಗಳ ಶಿಲ್ಪಗಳು ಕೈಯಲ್ಲಿ ಹಿಡಿದಿರುವುದು ಮೆಕ್ಕೆಜೋಳದ ತೆನೆ, ಅಂದಮೇಲೆ ಕೊಲಂಬಸ್‌ಗಿಂತ ಮೊದಲೇ ಅಮೆರಿಕದ ಬೆಳೆ ಇಲ್ಲಿಗೆ ಬಂದಿತ್ತು ಎಂದು 1989ರಲ್ಲಿ ಕಾರ್ಲ್ ಜೊಹಾನೆಸ್ಸೆನ್ ಮತ್ತು ಆನ್ ಪಾರ್ಕರ್ ಬರೆದರು. 1993ರಲ್ಲಿ ಪಾಯಕ್ ಮತ್ತು ಸಚನ್ ಎಂಬ ಭಾರತದ ಇಬ್ಬರು ವಿಜ್ಞಾನಿಗಳು ಅದನ್ನು ತಳ್ಳಿಹಾಕಿದರು. ಅದೇ ಕಾಲದ ಮೆಕ್ಕೆಜೋಳದ ಕಾಳು, ದಿಂಡು, ಪರಾಗ ಯಾವುದೂ ಇಲ್ಲಿನ ನೆಲದಲ್ಲಿ ಖಚಿತವಾಗಿ ಸಿಗದೆ, ಬರೀ ಆಕಾರ ನೋಡಿ ಬೆಳೆಯ ಹೆಸರು ಹೇಳುವುದು ಸಲ್ಲದು. ಮಾಯಾ ಗೊಂಬೆಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಕೈಯಲ್ಲಿರುವ ವಸ್ತು ಏನೆಂದು ಹೇಳುವ ಮೊದಲು, ಆ ವಸ್ತು ಅದೇ ಕಾಲದ ಮನೆಗಳಲ್ಲಿ ನಿಜವಾಗಿ ಸಿಕ್ಕಿದೆಯೇ ಎಂದು ನೋಡಬೇಕು.

ಇವು ಮಕ್ಕಳ ಆಟಿಕೆನಾ, ದೇವರಾ, ಇಲ್ಲಾ ನಮ್ಮ ದಸರಾ ಗೊಂಬೆ ಥರ ಜೋಡಿಸಿಡೋಕಾ?

ಒಂದೇ ಉತ್ತರ ಕೇಳಿದರೆ ತಪ್ಪು ಉತ್ತರವೇ ಸಿಗುತ್ತದೆ. ಒಂದೇ ಬಗೆಯ ಗೊಂಬೆ ಮೂರು ಬೇರೆ ಜಾಗಗಳಲ್ಲಿ ಸಿಕ್ಕಿದೆ: ಮನೆಯ ಹಿಂದಿನ ತಿಪ್ಪೆಯಲ್ಲಿ, ಮನೆಯೊಳಗೆ, ಸಮಾಧಿಯಲ್ಲಿ.

ಜೋಡಿಸಿಟ್ಟದ್ದಕ್ಕೆ ಒಳ್ಳೆಯ ಉದಾಹರಣೆ ಗ್ವಾಟೆಮಾಲಾದ ಎಲ್ ಪೆರು-ವಾಕಾ. ಅಲ್ಲಿನ ಒಂದು ರಾಜಸಮಾಧಿಯಲ್ಲಿ 2006ರಲ್ಲಿ 23 ಗೊಂಬೆಗಳು ಇಟ್ಟ ಹಾಗೆಯೇ ಸಿಕ್ಕವು. ಅರಸ, ಅರಸಿ, ಆಸ್ಥಾನದವರು, ಕುಳ್ಳರು ಸೇರಿ ಯಾವುದೋ ವಿಧಿ ನಡೆಸುತ್ತಿರುವ ದೃಶ್ಯ. ಇದು ಸುಮಾರು ಕ್ರಿ.ಶ. 600–650ರದು. ಆದರೆ ಇಂಥದ್ದು ಅಪರೂಪ, ಅದೂ ಅರಮನೆಯ ಮಟ್ಟದ್ದು. ಜನರ ಮನೆಗಳಲ್ಲಿ ಸಿಗುವವುಗಳಲ್ಲಿ ಬಹುಪಾಲು ಊದಬಹುದಾದ ಸೀಟಿಗಳು, ಕೆಲವು ಗಿಲಕಿಗಳು. ಮನೆಯ ಹಬ್ಬ, ಹರಕೆ, ಹಿರಿಯರ ನೆನಪಿನ ದಿನ ಇವನ್ನು ಊದುತ್ತಿದ್ದರು, ಉಳಿದ ದಿನ ಮಕ್ಕಳ ಕೈಗೂ ಹೋಗುತ್ತಿದ್ದವು ಎಂಬುದೇ ಸಿಕ್ಕ ಜಾಗಗಳಿಗೆ ಹೊಂದುವ ವಿವರಣೆ. ಪೂಜೆ ಮತ್ತು ಆಟದ ನಡುವೆ ಗೋಡೆ ಎಬ್ಬಿಸಿ ಕೇಳುವುದೇ ಈ ಪ್ರಶ್ನೆಯ ತೊಡಕು.

### ಮಣ್ಣು, ಅಚ್ಚು, ಬಣ್ಣ, ದನಿ

ಹೇಗೆ ಮಾಡ್ತಿದ್ರು? ಹಂತ ಹಂತವಾಗಿ ಹೇಳಿ.

ಎರಡು ದಾರಿ ಇದ್ದವು, ಕೈಯಲ್ಲಿ ಮೂಡಿಸುವುದು ಮತ್ತು ಅಚ್ಚಿಗೆ ಒತ್ತುವುದು. ಕ್ರಿ.ಶ. 600ರ ನಂತರ ಎರಡೂ ಒಂದೇ ಗೊಂಬೆಯಲ್ಲಿ ಕೂಡಿಕೊಂಡವು. ಕೆಲವಕ್ಕೆ ಮುಖ ಮಾತ್ರ ಅಚ್ಚಿನದು, ಮೈ ಕೈಯದು. ಇನ್ನು ಕೆಲವಕ್ಕೆ ಮುಂಭಾಗವೆಲ್ಲ ಅಚ್ಚಿನದು, ಬೆನ್ನಿಗೆ ಬರೀ ಮಣ್ಣಿನ ಹಾಳೆ.

ಜೇಡಿಮಣ್ಣಿಗೆ ಸುಣ್ಣಕಲ್ಲಿನ ಪುಡಿ, ಮರಳು ಅಥವಾ ಜ್ವಾಲಾಮುಖಿಯ ಬೂದಿ ಬೆರೆಸಿ ಹದ ಮಾಡುತ್ತಿದ್ದರು. ಇದಿಲ್ಲದಿದ್ದರೆ ಒಣಗುವಾಗ ಮಣ್ಣು ಬಿರಿಯುತ್ತದೆ. ಅಚ್ಚು ಕೂಡ ಸುಟ್ಟಮಣ್ಣಿನದೇ, ಒಳಮುಖವಾಗಿ ಕೊರೆದದ್ದು. ಹದವಾದ ಮಣ್ಣನ್ನು ಕೆಲವೇ ಮಿಲಿಮೀಟರ್ ದಪ್ಪದ ಹಾಳೆಯಾಗಿ ತಟ್ಟಿ, ಅಚ್ಚಿನ ಮೂಲೆಮೂಲೆಗೂ ಹೋಗುವಂತೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಮುರಿದ ಎಷ್ಟೋ ಗೊಂಬೆಗಳ ಒಳಗೋಡೆಯಲ್ಲಿ ಆ ಬೆರಳೊತ್ತು ಈಗಲೂ ಕಾಣುತ್ತದೆ. ಒಣ ಅಚ್ಚು ನೀರನ್ನು ಹೀರಿಕೊಳ್ಳುತ್ತದೆ, ಮಣ್ಣು ತುಸು ಕುಗ್ಗುತ್ತದೆ, ತಾನಾಗಿಯೇ ಅಚ್ಚು ಬಿಡುತ್ತದೆ. ಆತುರಪಟ್ಟು ಕಿತ್ತರೆ ಮೂಗು ಅಚ್ಚಿನಲ್ಲೇ ಉಳಿಯುತ್ತದೆ. ಬಿಟ್ಟು ಮರೆತರೆ ಅಂಚು ಬಿರುಕು ಬಿಡುತ್ತದೆ.

ಆಮೇಲೆ ಬೆನ್ನು ಮುಚ್ಚುವುದು, ತಲೆ ಕೂಡಿಸುವುದು. ಕೂಡುವ ಎರಡು ಮುಖಗಳನ್ನೂ ಗೀರಿ, ತೆಳು ಕೆಸರು ಹಚ್ಚಿ ಒತ್ತಬೇಕು. ಕಿವಿಯ ಬಿಲ್ಲೆ, ಕೊರಳ ಮಣಿ, ಟೋಪಿಯ ಅಂಚು, ಕೈಯಲ್ಲಿನ ಬೀಸಣಿಗೆ ಇವನ್ನೆಲ್ಲ ಬಿಡಿಯಾಗಿ ಮಾಡಿ ಮೆತ್ತುತ್ತಿದ್ದರು. ಹೀಗಾಗಿ ಒಂದೇ ಅಚ್ಚಿನಿಂದ ಬಂದ ಎರಡು ಮುಖಗಳು ಬೇರೆ ಬೇರೆ ಮನುಷ್ಯರಾಗುತ್ತಿದ್ದವು. ಟೊಳ್ಳು ಗೊಂಬೆಗೆ ಒಂದಾದರೂ ತೂತು ಬಿಡಲೇಬೇಕು. ಒಳಗಿನ ತೇವ ಆವಿಯಾಗಿ ಹೊರಬರಲು ದಾರಿ ಇಲ್ಲದಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಹೆಚ್ಚಾಗಿ ಸುಡುವ ಗೂಡು ಕಟ್ಟದೆ ಬಯಲಲ್ಲೇ ಸೌದೆ ಒಟ್ಟಿ ಸುಡುತ್ತಿದ್ದರು. ಬಯಲು ಬೆಂಕಿಯಲ್ಲಿ ಕಾವು ಒಂದೇ ಸಮ ಇರುವುದಿಲ್ಲ. ಗೊಂಬೆಗಳ ಮೇಲಿನ ಕಪ್ಪು ಮಚ್ಚೆಗಳು, ಒಡೆದ ಕಡೆ ಕಾಣುವ ಬೂದುಬಣ್ಣದ ನಡುಪದರ ಅದರ ಗುರುತು.

ಊದಿದ್ರೆ ನಿಜವಾಗ್ಲೂ ಶಬ್ದ ಬರುತ್ತಾ? ಒಳಗೆ ಏನಿರುತ್ತೆ?

ಬರುತ್ತದೆ. ಸಾವಿರ ವರ್ಷಕ್ಕೂ ಹಳೆಯ ಕೆಲವು ಗೊಂಬೆಗಳು ಈಗಲೂ ಸ್ವರ ಕೊಡುತ್ತವೆ.

ಗೊಂಬೆಯ ಟೊಳ್ಳು ಹೊಟ್ಟೆಯೇ ದನಿಯ ಕೋಣೆ. ಬೆನ್ನಿನ ಕೆಳಗೆ ಮೋಟು ಕೊಳವೆ ಇರುತ್ತದೆ. ಎರಡು ಕಾಲಿನ ಜೊತೆ ಅದೇ ಮೂರನೆಯ ಆಸರೆಯಾಗಿ ಗೊಂಬೆ ನಿಲ್ಲುವುದೂ ಉಂಟು. ಕೊಳವೆಯೊಳಗಿನ ಕಿರಿದಾದ ಗಾಳಿದಾರಿ ಉಸಿರನ್ನು ತೆಳುವಾಗಿಸಿ ಪಕ್ಕದ ಚೌಕ ಕಿಂಡಿಯ ಚೂಪಂಚಿಗೆ ಹೊಡೆಸುತ್ತದೆ. ಗಾಳಿ ಅಂಚಿನ ಒಳಗೂ ಹೊರಗೂ ಓಲಾಡಿದಾಗ ಕೋಣೆ ಮೊಳಗುತ್ತದೆ. ಬೆರಳಿಟ್ಟು ಮುಚ್ಚುವ ತೂತು ಒಂದೋ ಎರಡೋ. ಕೊಳಲಿನಲ್ಲಿ ತೂತಿನ ಜಾಗ ಸ್ವರವನ್ನು ತೀರ್ಮಾನಿಸುತ್ತದೆ. ಇಲ್ಲಿ ಹಾಗಿಲ್ಲ. ಕೋಣೆ ಎಷ್ಟು ದೊಡ್ಡದು, ಒಟ್ಟು ಎಷ್ಟು ತೂತು ತೆರೆದಿದೆ ಎಂಬುದಷ್ಟೇ ಲೆಕ್ಕ. ಹಾಗಾಗಿ ಸಿಗುವುದು ಎರಡು ಮೂರು ಸ್ವರ. ರಾಗ ನುಡಿಸಲು ಸಾಲದು, ಕರೆ ಕೊಡಲು, ಕುಣಿತದ ತಾಳಕ್ಕೆ ಸಾಕು.

ಕೆಡುವ ಜಾಗವೆಂದರೆ ಆ ಅಂಚು. ಗಾಳಿದಾರಿ ಮತ್ತು ಅಂಚು ಒಂದೆರಡು ಮಿಲಿಮೀಟರ್ ತಪ್ಪಿದರೂ ಬರೀ ಉಸ್ಸೆಂಬ ಉಸಿರು. ಮಣ್ಣು ಅರ್ಧ ಒಣಗಿದಾಗ ಚಪ್ಪಟೆ ಕಡ್ಡಿ ತೂರಿಸಿ ಈ ದಾರಿ ಮಾಡಬೇಕು, ಸುಡುವ ಮೊದಲೇ ಊದಿ ಪರೀಕ್ಷಿಸಬೇಕು. ಇದು ಕಲಿತ ಕೈಯ ಕೆಲಸ. ಗಿಲಕಿ ಇದಕ್ಕಿಂತ ಸುಲಭ, ಬೆನ್ನು ಮುಚ್ಚುವ ಮುನ್ನ ಒಣಗಿದ ಮಣ್ಣಿನ ಗುಂಡುಗಳನ್ನು ಒಳಗೆ ಹಾಕಿದರಾಯಿತು.

ಮ್ಯೂಸಿಯಂನ ಗೊಂಬೆಯನ್ನು ಊದಲು ಬಿಡುವುದಿಲ್ಲ, ಬಿಡಲೂಬಾರದು. ಬಾಯಿಯ ತೇವ ಹಳೆಯ ಬಣ್ಣವನ್ನು ಎಬ್ಬಿಸುತ್ತದೆ. ದನಿ ಬೇಕಿದ್ದವರು ಒಳಭಾಗವನ್ನು ಸಿ.ಟಿ. ಸ್ಕ್ಯಾನ್‌ನಲ್ಲಿ ಅಳೆದು ಪ್ರತಿ ಮಾಡಿಕೊಂಡು ಊದುತ್ತಾರೆ.

ಎಲ್ಲಾ ಬಣ್ಣ ಹೋಗಿ ಆ ನೀಲಿ ಮಾತ್ರ ಹೇಗೆ ಉಳೀತು?

ಬಣ್ಣ ಹಚ್ಚುತ್ತಿದ್ದುದು ಸುಟ್ಟ ನಂತರ. ಬೆಂಕಿಗೆ ಸಿಗದ ಬಣ್ಣ ಮಣ್ಣಿಗೆ ಕಚ್ಚಿಕೊಳ್ಳುವುದಿಲ್ಲ, ಹಾಗಾಗಿ ಬಿಳಿ, ಕೆಂಪು, ಹಳದಿ ಮಳೆನೀರಿಗೆ, ಬೇರುಗಳಿಗೆ ಸಿಕ್ಕಿ ಉದುರಿದವು. ನೀಲಿ ಬೇರೆ ಜಾತಿಯದು. ನೀಲಿ ಗಿಡದ ಬಣ್ಣವನ್ನು ಪ್ಯಾಲಿಗೋರ್ಸ್ಕೈಟ್ ಎಂಬ ಜೇಡಿಯೊಂದಿಗೆ ಅರೆದು ಹದವಾಗಿ ಕಾಯಿಸಿದರೆ ಬಣ್ಣ ಜೇಡಿಯ ಸಣ್ಣ ಸುರಂಗಗಳೊಳಗೆ ಸಿಕ್ಕಿಕೊಳ್ಳುತ್ತದೆ. ಬಿಸಿಲಿಗೂ ಆಮ್ಲಕ್ಕೂ ಬೇಗ ಜಗ್ಗುವುದಿಲ್ಲ. ಆದರೆ ಅದೂ ಮೇಲ್ಮೈಗೆ ಅಂಟಿದ್ದೇ. ಅಗೆದ ಗೊಂಬೆಯನ್ನು ಮಣ್ಣು ಹೋಗಲೆಂದು ನೀರಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿದರೆ ಕೆಳಗಿನ ಬಿಳಿ ಲೇಪವೇ ಕಳಚಿ ನೀಲಿಯೂ ಹೋಗುತ್ತದೆ. ಹಿಂದಿನ ಕಾಲದ ಅಗೆತಗಳಲ್ಲಿ ಎಷ್ಟು ಬಣ್ಣ ಹೀಗೆ ಬಕೆಟ್ಟಿಗೆ ಹೋಯಿತೋ!

ಮನೇಲೇ ಮಾಡ್ಕೊಳ್ತಿದ್ರಾ, ಅಥವಾ ಮಾರಾಟಕ್ಕೆ ಮಾಡೋರಿದ್ರಾ?

ಎರಡೂ. ಗ್ವಾಟೆಮಾಲಾದ ಕೊಬಾನ್ ಊರಿನ ಬಳಿ ಅರಗೋನ್ ಎಂಬಲ್ಲಿ 400ಕ್ಕೂ ಹೆಚ್ಚು ಅಚ್ಚಿನ ಚೂರುಗಳು, ಸಾವಿರಾರು ಗೊಂಬೆ ಚೂರುಗಳು ಒಂದೇ ಕಡೆ ಸಿಕ್ಕಿವೆ. ಬ್ರೆಂಟ್ ವುಡ್‌ಫಿಲ್ ಅವರ ತಂಡ ಇದನ್ನು 2019ರಲ್ಲಿ ವರದಿ ಮಾಡಿತು. ಒಂದು ಮನೆಯ ಬಳಕೆಗೆ ಇಷ್ಟು ಅಚ್ಚು ಬೇಡ, ಇದು ಹೊರಗೆ ಕಳಿಸಲು ಮಾಡುತ್ತಿದ್ದ ಜಾಗ. ಇತ್ತ ಒಂದೆರಡು ಅಚ್ಚು ಮಾತ್ರ ಸಿಕ್ಕ ಮನೆಗಳೂ ಬೇರೆ ಊರುಗಳಲ್ಲಿವೆ.

ಗೊಂಬೆ ಎಲ್ಲಿಂದ ಬಂತೆಂದು ಹೇಳಲು ಮಣ್ಣನ್ನೇ ಕೇಳಬೇಕು. ಒಂದು ವಿಧಾನದಲ್ಲಿ ಚೂರನ್ನು 0.03 ಮಿ.ಮೀ. ತೆಳುವಾಗಿ ತೇಯ್ದು, ಸೂಕ್ಷ್ಮದರ್ಶಕದಡಿ ಯಾವ ಕಲ್ಲಿನ ಪುಡಿ ಬೆರೆತಿದೆ ಎಂದು ನೋಡುತ್ತಾರೆ. ಇನ್ನೊಂದರಲ್ಲಿ ನ್ಯೂಟ್ರಾನ್ ಹಾಯಿಸಿ ಅತ್ಯಲ್ಪ ಪ್ರಮಾಣದ ಧಾತುಗಳನ್ನು ಅಳೆದು ಬೇರೆ ಊರುಗಳ ಮಣ್ಣಿಗೆ ಹೋಲಿಸುತ್ತಾರೆ.

ಅಚ್ಚುಗಳದ್ದೇ ಒಂದು ಉಪಾಯವೂ ಇದೆ. ಸಿದ್ಧ ಗೊಂಬೆಯ ಮೇಲೆ ಮಣ್ಣೊತ್ತಿ ಹೊಸ ಅಚ್ಚು ತೆಗೆಯುತ್ತಿದ್ದರು. ಸುಟ್ಟಾಗ ಮಣ್ಣು ಕುಗ್ಗುವುದರಿಂದ ನಕಲಿನ ನಕಲು ಪ್ರತಿ ಸಲವೂ ಚಿಕ್ಕದಾಗುತ್ತದೆ, ಮೂಗು ಕಣ್ಣು ಮಸುಕಾಗುತ್ತವೆ. ಒಂದೇ ಮುಖ ಎರಡು ಊರಲ್ಲಿ ಬೇರೆ ಬೇರೆ ಅಳತೆಯಲ್ಲಿ ಸಿಕ್ಕರೆ, ಯಾವುದು ಮೂಲಕ್ಕೆ ಹತ್ತಿರ, ಯಾವುದು ಆಮೇಲಿನ ನಕಲು ಎಂದು ಊಹಿಸಲು ಇದು ದಾರಿ.

### ಗೊಂಬೆಯಲ್ಲಿ ಕಾಣುವ ಜನ

ಸಾಮಾನ್ಯ ಹೆಂಗಸರು ಏನು ಕೆಲಸ ಮಾಡ್ತಿರೋದು ಕಾಣುತ್ತೆ?

ಗೊಂಬೆಗಳು ಬೇರೆಲ್ಲೂ ಸಿಗದ್ದನ್ನು ಕೊಡುವುದು ಇಲ್ಲಿಯೇ. ಊರ ನಡುವಿನ ಶಾಸನಗಲ್ಲುಗಳಲ್ಲಿ ಹೆಂಗಸರು ಕಡಿಮೆ, ಕಂಡರೂ ಅರಸಿಯರು. ಗೊಂಬೆಗಳಲ್ಲಿ ಹೆಣ್ಣುರೂಪಗಳು ಧಾರಾಳ.

ಬೆಲೀಜ್‌ನ ದಕ್ಷಿಣದಲ್ಲಿ ಲುಬಾಂತುನ್ ಎಂಬ ಊರಿದೆ, ಕ್ರಿ.ಶ. 700ರ ನಂತರ ಬೆಳೆದದ್ದು. ಬ್ರಿಟಿಷ್ ಮ್ಯೂಸಿಯಂನವರು 1926–27ರಲ್ಲಿ, ನಾರ್ಮನ್ ಹ್ಯಾಮಂಡ್ 1970ರಲ್ಲಿ ಅಲ್ಲಿ ಅಗೆದರು. ಅಲ್ಲಿನ ಅಚ್ಚಿನ ಸೀಟಿಗೊಂಬೆಗಳಲ್ಲಿ ಹೆಂಗಸೊಬ್ಬಳು ಅರೆಯುವ ಕಲ್ಲಿನ ಮುಂದೆ ಮಂಡಿಯೂರಿ ಮೆಕ್ಕೆಜೋಳ ಅರೆಯುತ್ತಾಳೆ, ಬೆನ್ನಿಗೆ ಮಗುವನ್ನು ಕಟ್ಟಿಕೊಂಡೇ. ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿದ ಕಾಳನ್ನು ಹೀಗೆ ಅರೆಯುವುದು ದಿನಾ ಹಲವು ಗಂಟೆಯ ಕೆಲಸ. ಮಗುವನ್ನು ಇಳಿಸಿ ಮಾಡುವಷ್ಟು ಬಿಡುವು ಆ ಕೆಲಸದಲ್ಲಿರಲಿಲ್ಲ.

ಮೆಕ್ಸಿಕೋದ ಹೈನಾ ದ್ವೀಪದ ನೇಕಾರ್ತಿ ಎಲ್ಲಕ್ಕಿಂತ ಪ್ರಸಿದ್ಧಳು. ಮಗ್ಗದ ಒಂದು ತುದಿ ಮರಕ್ಕೆ ಕಟ್ಟಿದೆ, ಇನ್ನೊಂದು ತುದಿಯ ಪಟ್ಟಿ ಅವಳ ಸೊಂಟಕ್ಕೆ. ಮರದ ಮೇಲೊಂದು ಹಕ್ಕಿ. ಮೈಯನ್ನು ಹಿಂದಕ್ಕೆ ವಾಲಿಸಿದರೆ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಂದರೆ ಸಡಿಲ. ಗ್ವಾಟೆಮಾಲಾ ಮತ್ತು ದಕ್ಷಿಣ ಮೆಕ್ಸಿಕೋದ ಚಿಯಾಪಾಸ್‌ನ ಮಾಯಾ ಹೆಂಗಸರು ಇಂದಿಗೂ ನೇಯುವುದು ಇಂಥದೇ ಮಗ್ಗದಲ್ಲಿ. ಮರದ ಮಗ್ಗ ಆ ತೇವದ ನೆಲದಲ್ಲಿ ಕೊಳೆತುಹೋಗುತ್ತದೆ, ಉಳಿಯುವುದು ಕದಿರಿನ ಬಿಲ್ಲೆ ಮತ್ತು ಮೂಳೆಯ ಸೂಜಿ. ಮಗ್ಗವನ್ನು ಜೋಡಿಸುತ್ತಿದ್ದ ಬಗೆ ಕಣ್ಣಿಗೆ ಕಾಣುವುದು ಈ ಗೊಂಬೆಯಿಂದ.

ಇನ್ನುಳಿದವರು ಗಡಿಗೆ ಹೊತ್ತವರು, ಮಗುವನ್ನು ಎತ್ತಿಕೊಂಡವರು, ನಾಯಿಯನ್ನು ಕಂಕುಳಲ್ಲಿ ಹಿಡಿದವರು. ಮಕ್ಕಳು ಒಂಟಿಯಾಗಿ ಕಾಣುವುದು ಅಪರೂಪ, ಯಾರದ್ದಾದರೂ ಮೈಗೆ ಅಂಟಿಕೊಂಡೇ ಇರುತ್ತಾರೆ.

ಅವಳು ಸಾಮಾನ್ಯ ಹೆಂಗಸಾ ದೇವತೆನಾ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ದೇವತೆಗಳ ಗುರುತು ಹುಡುಕಬೇಕು. ಮೊಲ ಮತ್ತು ಅರ್ಧಚಂದ್ರ ಇದ್ದರೆ ಚಂದ್ರದೇವತೆ. ದೊಡ್ಡ ಚೌಕ ಕಣ್ಣು, ಮೃಗದ ಹಲ್ಲು ಇದ್ದರೆ ಮನುಷ್ಯರಲ್ಲ. ಇವು ಯಾವುದೂ ಇಲ್ಲದಿದ್ದರೆ ಮನುಷ್ಯಳೆಂದು ಇಟ್ಟುಕೊಳ್ಳುವುದು ವಾಸಿ. ಹಿಂದೆ ಇದಕ್ಕೆ ಉಲ್ಟಾ ನಡೆಯುತ್ತಿತ್ತು, ನೇಯುವವಳು ಕಂಡರೆ ಸಾಕು ನೇಕಾರಿಕೆಯ ದೇವತೆ ಎಂದು ಬರೆದುಬಿಡುತ್ತಿದ್ದರು. ಕೆಲಸ ಮಾಡುವ ಹೆಂಗಸು ಬರೀ ಹೆಂಗಸಾಗಿರಬಹುದೆಂಬುದು ತಡವಾಗಿ ಹೊಳೆಯಿತು.

ಉಡುಪು ನೋಡಿ ಬಡವರೋ ಶ್ರೀಮಂತರೋ ಹೇಳಬಹುದಾ?

ಒಂದು ಮಟ್ಟಿಗೆ. ದಪ್ಪ ಮಣಿಗಳ ಹಾರ, ದೊಡ್ಡ ಕಿವಿಬಿಲ್ಲೆ, ಗರಿಗಳ ಕಿರೀಟ, ಅಂಚುಗೆಲಸದ ಉದ್ದ ನಿಲುವಂಗಿ ಇದ್ದರೆ ಉಳ್ಳವರು. ಸೊಂಟದ ಬಟ್ಟೆ, ತಲೆಗೆ ಸುತ್ತಿದ ವಸ್ತ್ರ ಮಾತ್ರವಿದ್ದರೆ ಸಾಮಾನ್ಯರು. ಆದರೆ ಗೊಂಬೆ ತೊಟ್ಟಿರುವುದು ದಿನದ ಬಟ್ಟೆಯೋ ಹಬ್ಬದ್ದೋ ಗೊಂಬೆಯೇ ಹೇಳುವುದಿಲ್ಲ.

ಇಳಿಜಾರು ಹಣೆಯನ್ನು ನೋಡಿ ಅರಸುಮನೆತನ ಎನ್ನುವ ತಪ್ಪು ಬಹಳ ಸಲ ಆಗುತ್ತದೆ. ಕೂಸಿನ ತಲೆಗೆ ಹಲಗೆ ಕಟ್ಟಿ ಆಕಾರ ಕೊಡುವ ರೂಢಿ ಬಡವ ಬಲ್ಲಿದ ಎನ್ನದೆ ಹರಡಿತ್ತು, ಅಗೆದ ತಲೆಬುರುಡೆಗಳೇ ಸಾಕ್ಷಿ. ಮುಖದ ಮೇಲೆ ಮೆತ್ತಿದ ಸಣ್ಣ ಮಣ್ಣಿನ ಗುಳ್ಳೆಗಳು ಕೆತ್ತನೆಯ ದೋಷವಲ್ಲ, ಚರ್ಮ ಗೀರಿ ಎಬ್ಬಿಸಿದ ಅಲಂಕಾರ.

ಅಗಲ ಅಂಚಿನ ಟೋಪಿಯನ್ನು ಗಮನಿಸಿ. ಅರಸರ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣದ ಈ ಟೋಪಿ ಗೊಂಬೆಗಳಲ್ಲಿ ಹೆಣ್ಣು ಗಂಡು ಇಬ್ಬರ ತಲೆಯಲ್ಲೂ ಇದೆ. ಬಿಸಿಲಲ್ಲಿ ಕೂತು ಮಾರುವವರ, ದಾರಿ ನಡೆಯುವವರ ಟೋಪಿ ಇದು ಎಂಬ ಓದು ನಮಗೆ ಒಪ್ಪಿಗೆ. ಅದಕ್ಕೆ ಕಾರಣ ಕಾಲಕ್ಮುಲ್‌ನ ಚಿತ್ರಗಳು, ಮುಂದೆ ಬರುತ್ತವೆ.

ಗಂಡಸರು?

ಬೇಟೆಗಾರರು, ಯೋಧರು, ಕೈಕಟ್ಟಿದ ಸೆರೆಯಾಳುಗಳು, ಸೊಂಟಕ್ಕೆ ದಪ್ಪ ಪಟ್ಟಿ ಬಿಗಿದ ಚೆಂಡಾಟದವರು, ಕುಡಿದು ತೂರಾಡುವವರು. ಇಲ್ಲದಿರುವವರನ್ನು ಹೇಳುವುದು ಹೆಚ್ಚು ಮುಖ್ಯ. ಹೊಲದಲ್ಲಿ ಗುಂಡಿ ತೋಡಿ ಬೀಜ ಹಾಕುವ ರೈತ, ಕಲ್ಲು ಒಡೆಯುವವ, ಸುಣ್ಣ ಸುಡುವವ ಗೊಂಬೆಗಳಲ್ಲಿ ಕಾಣಸಿಗುವುದು ತೀರಾ ಕಡಿಮೆ. ಇಡೀ ಸಮಾಜ ನಿಂತಿದ್ದುದು ಅವರ ಮೇಲೆ. ಗೊಂಬೆ ಅಂದಿನ ಜನಜೀವನದ ಫೋಟೋ ಎಂದು ಬರೆಯುವವರು ಈ ಖಾಲಿಜಾಗಕ್ಕೆ ಉತ್ತರ ಕೊಡಬೇಕು.

ಕುಳ್ಳರು, ಡೊಳ್ಳುಹೊಟ್ಟೆಯವರು, ಹಲ್ಲಿಲ್ಲದ ಮುದುಕರು ಯಾಕೆ ಅಷ್ಟೊಂದು?

ಕುಳ್ಳರು ಆಸ್ಥಾನದಲ್ಲಿ ಅರಸನ ಹತ್ತಿರ ಇರುತ್ತಿದ್ದವರು, ಬಣ್ಣದ ಪಾತ್ರೆಗಳ ಚಿತ್ರಗಳಲ್ಲೂ ಇದ್ದಾರೆ. ಉಬ್ಬುಗಲ್ಲದ, ಡೊಳ್ಳುಹೊಟ್ಟೆಯ ಗಂಡಸು ಹಬ್ಬದ ಕುಣಿತದ ವಿದೂಷಕ ಇದ್ದಂತೆ ಕಾಣುತ್ತಾನೆ. ಚೆಲುವೆಯ ಪಕ್ಕದಲ್ಲಿ ಹಲ್ಲುಕಿರಿಯುವ ಮುದುಕನ ಜೋಡಿಗೊಂಬೆಗಳನ್ನು ನೋಡಿದರೆ ಜನ ನಕ್ಕಿದ್ದರು ಎನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. ಕಲ್ಲಿನಲ್ಲಿ ಕೆತ್ತಿಸಲಾಗದ ನಗೆ ಮಣ್ಣಿನಲ್ಲಿ ಸಲೀಸಾಗಿ ಬಂದಿದೆ.

### ಇನ್ನಷ್ಟು ಒಳಗೆ

ಬಡವರ ಮನೇಲೂ ರಾಜನ ಗೊಂಬೆ ಸಿಗುತ್ತಂತೆ. ಹಾಗಾದ್ರೆ ಇವು ಸಾಮಾನ್ಯರ ಬಗ್ಗೆ ಹೇಳೋದೇನು?

ಪುರಾತತ್ವಜ್ಞೆ ಕ್ರಿಸ್ಟಿನಾ ಹ್ಯಾಲ್ಪೆರಿನ್ ಗ್ವಾಟೆಮಾಲಾದ ಮೊತುಲ್ ದೆ ಸಾನ್ ಹೊಸೆ ಎಂಬಲ್ಲಿನ ಗೊಂಬೆ ಚೂರುಗಳನ್ನು ಮನೆಮನೆಯ ತಿಪ್ಪೆಯ ಲೆಕ್ಕದಲ್ಲಿ ವಿಂಗಡಿಸಿ ನೋಡಿದರು. ದೊಡ್ಡ ಮನೆ, ಸಣ್ಣ ಮನೆ ಎರಡರಲ್ಲೂ ಗೊಂಬೆಗಳಿದ್ದವು. ಅರಸನ ವೇಷದ ಗೊಂಬೆ ಬಡವರ ತಿಪ್ಪೆಯಲ್ಲೂ ಇತ್ತು, ಕೆಲಸದ ಹೆಂಗಸಿನ ಗೊಂಬೆ ಉಳ್ಳವರ ತಿಪ್ಪೆಯಲ್ಲೂ ಇತ್ತು.

ಆದ್ದರಿಂದ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು: ಗೊಂಬೆ ಯಾರನ್ನು ತೋರಿಸುತ್ತದೆ, ಗೊಂಬೆ ಯಾರ ಕೈಯಲ್ಲಿತ್ತು. ರಾಜನ ಗೊಂಬೆ ಬಡವರ ಅಂಗಳದಲ್ಲಿ ಸಿಕ್ಕರೆ ರಾಜನ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ, ಅವನ ಮೆರವಣಿಗೆ ನೋಡಿ ಬಂದವರ ಬಗ್ಗೆ ತಿಳಿಯುತ್ತದೆ. ಜನ ಅವನನ್ನು ಸೀಟಿ ಮಾಡಿಕೊಂಡು ಊದಿದರು, ಮುರಿದಾಗ ಕಸದ ಜೊತೆ ಎಸೆದರು. ನಮ್ಮ ಮಟ್ಟಿಗೆ, ಗಾಜಿನ ಪೆಟ್ಟಿಗೆಯಲ್ಲಿರುವ ಊರು ಪತ್ತೆಯಿಲ್ಲದ ಸುಂದರ ಗೊಂಬೆಗಿಂತ ಇಂಥ ಮನೆಯ ತಿಪ್ಪೆಯಲ್ಲಿ ಸಿಕ್ಕ ಮುರಿದ ತಲೆಗೆ ಬೆಲೆ ಹೆಚ್ಚು.

ಯಾಕೆ ಬರೀ ತಲೆಗಳೇ ಸಿಗೋದು? ಬೇಕಂತಲೇ ಕತ್ತು ಮುರಿದ್ರಾ?

ಹೆಚ್ಚಿನವಕ್ಕೆ ಕಾರಣ ಕುಂಬಾರಿಕೆಯಲ್ಲೇ ಇದೆ. ಅಚ್ಚಿನ ತಲೆ, ಕೈಯ ಮೈ ಎರಡರ ತೇವವೂ ಒಂದೇ ಆಗಿರದಿದ್ದರೆ ಅವು ಬೇರೆ ಬೇರೆ ವೇಗದಲ್ಲಿ ಕುಗ್ಗುತ್ತವೆ, ಕತ್ತಿನ ಬೆಸುಗೆ ದುರ್ಬಲವಾಗುತ್ತದೆ. ತಲೆ ಸಾಮಾನ್ಯವಾಗಿ ಗಟ್ಟಿ, ಮೈ ಟೊಳ್ಳು. ನೆಲಕ್ಕೆ ಬಿದ್ದರೆ ಮೈ ಹತ್ತು ಚೂರಾಗುತ್ತದೆ, ತಲೆ ಇಡಿಯಾಗಿ ಉರುಳುತ್ತದೆ. ಮೈಯ ಚೂರನ್ನು ಮಡಕೆಯ ಚೂರೆಂದು ಬದಿಗಿಡುವುದೂ ಉಂಟು. ಜರಡಿಯ ಕಣ್ಣು 6 ಮಿ.ಮೀ. ಇದ್ದರೆ ಕಿವಿಬಿಲ್ಲೆ, ಕೈಬೆರಳು ಮಣ್ಣಿನ ಜೊತೆ ಜಾರಿಹೋಗುತ್ತವೆ.

ಬೇಕೆಂದೇ ಮುರಿದದ್ದೆಂದು ಹೇಳಲು ಬೆಸುಗೆಯಿಲ್ಲದ ಗಟ್ಟಿ ಭಾಗದಲ್ಲಿ ಏಟಿನ ಗುರುತು ಇರಬೇಕು, ಅಥವಾ ಒಂದೇ ಗೊಂಬೆಯ ತುಂಡುಗಳನ್ನು ಬೇರೆ ಬೇರೆ ಕಡೆ ಹೂತಿಟ್ಟಿರಬೇಕು.

ಇಡೀ ಗೊಂಬೆಗಳು ಇಟ್ಟ ಜಾಗದಲ್ಲೇ ಸಿಕ್ಕಿರೋ ಮನೆ ಒಂದೂ ಇಲ್ವಾ?

ಇವೆ, ಗ್ವಾಟೆಮಾಲಾದ ಅಗ್ವಾತೆಕಾದಲ್ಲಿ. ಕ್ರಿ.ಶ. 810ರ ಸುಮಾರಿಗೆ ಶತ್ರುಗಳು ಊರಿಗೆ ಬೆಂಕಿಯಿಟ್ಟರು. ಊರ ನಡುವಿನ ಮನೆಯವರು ಸಾಮಾನು ಬಿಟ್ಟು ಓಡಿದರು. ತಕೇಶಿ ಇನೊಮಾತಾ, ಡ್ಯಾನಿಯೆಲಾ ಟ್ರಿಯಡಾನ್ ಅವರ ತಂಡ ಅಗೆದಾಗ ಅರೆಯುವ ಕಲ್ಲು, ಗಡಿಗೆಗಳ ಜೊತೆ ಗೊಂಬೆಗಳೂ ಬಿದ್ದಲ್ಲೇ ಇದ್ದವು. ಟ್ರಿಯಡಾನ್ ಅವರ ಅಧ್ಯಯನದಂತೆ ಇಡಿಯಾಗಿ ಸಿಕ್ಕವುಗಳಲ್ಲಿ ಹೆಚ್ಚಿನವು ಸೀಟಿಗಳು, ಮನೆಯೊಳಗಿನ ಆಚರಣೆಗೆ ಬಳಸಿದವು. ಒಂದೇ ಕೊರತೆ, ಇವು ಅರಸನ ಸುತ್ತಲಿನ ಉಳ್ಳವರ ಮನೆಗಳು. ಗುಡಿಸಲಿನಲ್ಲೂ ಹೀಗೇ ಇತ್ತು ಎಂದು ಇದರಿಂದ ನೇರವಾಗಿ ಹೇಳಲಾಗದು.

ಗೊಂಬೆ ಹೇಳಿದ್ದು ನಿಜವೋ ಸುಳ್ಳೋ ಪರೀಕ್ಷಿಸೋಕೆ ದಾರಿ ಇದೆಯಾ?

ಎರಡು ಒಳ್ಳೆಯ ಸಾಕ್ಷಿಗಳಿವೆ. ಮೆಕ್ಸಿಕೋದ ಕಾಲಕ್ಮುಲ್‌ನ ಒಂದು ಕಟ್ಟಡದ ಹೊರಗೋಡೆಯ ಮೇಲೆ, ಕ್ರಿ.ಶ. 620–700ರ ನಡುವೆ ಬರೆದ ಚಿತ್ರಗಳಲ್ಲಿ ಜನ ಗಂಜಿ ಕುಡಿಯುತ್ತಾರೆ, ಕಡುಬು ಹಂಚುತ್ತಾರೆ, ಗಡಿಗೆ ಹೊರುತ್ತಾರೆ. ಪಕ್ಕದಲ್ಲೇ ‘ಉಪ್ಪಿನವರು’, ‘ತಂಬಾಕಿನವರು’, ‘ಗಂಜಿಯವರು’ ಎಂದು ಲಿಪಿಯಲ್ಲಿ ಬರೆದಿದೆ. ಗೊಂಬೆಗಳ ಅಗಲ ಟೋಪಿ ಅಲ್ಲಿಯೂ ಇದೆ, ಹಾಗಾಗಿ ಆ ಓದಿಗೆ ಬಲ ಬಂತು.

ಎರಡನೆಯದು ಎಲ್ ಸಾಲ್ವಡಾರ್‌ನ ಹೊಯಾ ದೆ ಸೆರೆನ್. ಏಳನೇ ಶತಮಾನದಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೈತರ ಹಳ್ಳಿ. 1976ರಲ್ಲಿ ನೆಲ ಅಗೆಯುವ ಯಂತ್ರಕ್ಕೆ ಸಿಕ್ಕಿತು. ಅಲ್ಲಿನ ಅಡುಗೆಮನೆಗಳಲ್ಲಿ ಅರೆಯುವ ಕಲ್ಲನ್ನು ನೆಲದಿಂದ ಎತ್ತರಕ್ಕೆ ಕವೆಗೋಲುಗಳ ಮೇಲೆ ಕೂರಿಸಿದ್ದರು. ಅಂದರೆ ಅಲ್ಲಿಯ ಹೆಂಗಸರು ಲುಬಾಂತುನ್ ಗೊಂಬೆಯಂತೆ ಮಂಡಿಯೂರಿ ಅರೆಯುತ್ತಿರಲಿಲ್ಲ. ಗೊಂಬೆ ಸುಳ್ಳು ಹೇಳಿತೆಂದಲ್ಲ, ಒಂದು ಊರಿನ ರೂಢಿಯನ್ನು ಇಡೀ ಸೀಮೆಗೆ ಹರಡಬಾರದು.

ನಡುವೆ ಕೆಲವು ಶತಮಾನ ಗೊಂಬೆಗಳೇ ಇಲ್ವಂತೆ, ಯಾಕೆ?

ತಗ್ಗುಪ್ರದೇಶದ ಎಷ್ಟೋ ಊರುಗಳಲ್ಲಿ ಕ್ರಿ.ಪೂ. 300ರ ನಂತರ ಗೊಂಬೆಗಳು ವಿರಳವಾಗುತ್ತವೆ. ಕ್ರಿ.ಶ. 600ರ ಹೊತ್ತಿಗೆ ಅಚ್ಚಿನ ಜೊತೆ ಮತ್ತೆ ದಂಡಿಯಾಗಿ ಬರುತ್ತವೆ. ನಡುವಿನದು ದೊಡ್ಡ ದೇವಾಲಯಗಳೂ ಅರಸೊತ್ತಿಗೆಯೂ ಬಲಿತ ಕಾಲ. ಮನೆಯ ವಿಧಿಗಳು ಊರ ನಡುವಿನ ಅಂಗಳಕ್ಕೆ ಸರಿದವು ಎನ್ನುವುದು ಒಂದು ವಿವರಣೆ. ಮರ, ಬಟ್ಟೆ, ಜೋಳದ ಸಿಪ್ಪೆಯ ಗೊಂಬೆ ಮಾಡಿದ್ದರೆ ಅವು ನಮ್ಮವರೆಗೆ ಉಳಿಯುವುದಿಲ್ಲ, ಅದನ್ನೂ ನೆನಪಿಡಬೇಕು.

‘ಜೈನಾ’ ಗೊಂಬೆಗಳು ಅಂತ ಎಲ್ಲಾ ಕಡೆ ಬರೀತಾರೆ. ಜೈನರಿಗೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಸ್ಪ್ಯಾನಿಷ್ ಉಚ್ಚಾರ ‘ಹೈನಾ’. ಮೆಕ್ಸಿಕೋದ ಕಂಪೆಚೆ ಕರಾವಳಿಗೆ ಅಂಟಿದಂತಿರುವ, ಭಾಗಶಃ ಜನರೇ ಸುಣ್ಣಮಣ್ಣು ಸುರಿದು ಎತ್ತರಿಸಿದ ಸಣ್ಣ ದ್ವೀಪ. ಅಲ್ಲಿ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದಿದ್ದಾರೆ, ಎಷ್ಟೋ ಕಡೆ ಗೊಂಬೆ ಸತ್ತವರ ಕೈಯಲ್ಲೋ ಎದೆಯ ಮೇಲೋ ಇತ್ತು. ದೊಡ್ಡವರಿಗೂ ಇಟ್ಟಿದ್ದಾರೆ, ಮಕ್ಕಳಿಗೂ ಇಟ್ಟಿದ್ದಾರೆ. ಕೈಯಿಂದ ಮಾಡಿದವು ಮಾಯಾ ಮಣ್ಣುಗೆಲಸದಲ್ಲೇ ಅತಿ ನಾಜೂಕಿನವು. ಅಚ್ಚಿನವುಗಳಲ್ಲಿ ಕೆಲವು ತಬಾಸ್ಕೊ ಕಡೆಯ ಹೊನುತಾದಂಥ ಊರುಗಳಿಂದ ಬಂದಿರುವ ಸಾಧ್ಯತೆಯನ್ನು ಮಣ್ಣಿನ ಪರೀಕ್ಷೆಗಳು ತೋರಿಸುತ್ತವೆ.

ಆನ್‌ಲೈನಲ್ಲಿ ಮಾರಾಟಕ್ಕಿದೆ. ಅಸಲಿ ಅಂತ ಸರ್ಟಿಫಿಕೇಟೂ ಇದೆ. ತಗೋಬಹುದಾ?

ಬೇಡ. ಅಸಲಿಯಾಗಿದ್ದರೆ ಕದ್ದದ್ದಾಗಿರುವ ಸಂಭವ ಹೆಚ್ಚು, ಕದ್ದದ್ದಲ್ಲವಾದರೆ ನಕಲಿಯಾಗಿರುವ ಸಂಭವ ಹೆಚ್ಚು. ಮೆಕ್ಸಿಕೋದಲ್ಲಿ 1972ರ ಕಾನೂನಿನ ಪ್ರಕಾರ ಅಗೆದು ಸಿಕ್ಕ ಪುರಾತನ ವಸ್ತುಗಳೆಲ್ಲ ರಾಷ್ಟ್ರದ ಆಸ್ತಿ. ಗ್ವಾಟೆಮಾಲಾ, ಬೆಲೀಜ್‌ಗಳಲ್ಲೂ ಖಾಸಗಿಯಾಗಿ ಹೊರಸಾಗಿಸುವುದು ಅಪರಾಧ.

ಸರ್ಟಿಫಿಕೇಟಿನ ಹಿಂದೆ ಹೆಚ್ಚಾಗಿ ಥರ್ಮೋಲುಮಿನೆಸೆನ್ಸ್ ಪರೀಕ್ಷೆ ಇರುತ್ತದೆ. ಮಣ್ಣು ಕೊನೆಯ ಸಲ ಬೆಂಕಿ ಕಂಡು ಎಷ್ಟು ಕಾಲವಾಯಿತೆಂದು ಅದು ಅಂದಾಜಿಸುತ್ತದೆ. ಆದರೆ ಮಾದರಿ ತೆಗೆಯುವುದು ಒಂದೆರಡು ಜಾಗದಿಂದ. ಹಳೆಯ ಮೈಚೂರಿಗೆ ಹೊಸ ತಲೆ ಕೂಡಿಸಿ, ಮೈಯಿಂದ ಮಾದರಿ ಕೊಟ್ಟರೆ ಪರೀಕ್ಷೆ ಪಾಸು. ಎಕ್ಸ್-ರೇಯಲ್ಲಿ ಬೆಸುಗೆಯ ಗೆರೆ ಕಾಣುತ್ತದೆ. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಇಂದಿನ ಅಂಟು ಮತ್ತು ಹೊಸ ಬಣ್ಣ ಬೇರೆಯಾಗಿ ಹೊಳೆಯುತ್ತವೆ. ಅಸಲಿ ಅಚ್ಚು ಸಿಕ್ಕಿ ಅದರಿಂದಲೇ ಇವತ್ತು ಒತ್ತಿದ ಗೊಂಬೆಯಾದರೆ ಕಣ್ಣಿಗಂತೂ ಗೊತ್ತಾಗುವುದಿಲ್ಲ.

ನೋಡ್ಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕು?

ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂನ ಮಾಯಾ ವಿಭಾಗಕ್ಕೆ, ಇಲ್ಲವೇ ಕಂಪೆಚೆಯ ಸಾನ್ ಮಿಗೆಲ್ ಕೋಟೆಯ ಮ್ಯೂಸಿಯಂಗೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್, ವಾಷಿಂಗ್ಟನ್‌ನ ಡಂಬಾರ್ಟನ್ ಓಕ್ಸ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮ್ಯೂಸಿಯಂ ಹತ್ತಿರ. ಲುಬಾಂತುನ್‌ನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿವೆ.

ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ಗೊಂಬೆಯ ಬೆನ್ನು ನೋಡಿ, ಊದುವ ಕೊಳವೆಯೂ ಬೆರಳ ತೂತೂ ಅಲ್ಲಿರುತ್ತವೆ. ಮುಖದ ಕೆಳಗಂಚಿನಲ್ಲಿ, ಗಲ್ಲ ಕತ್ತಿಗೆ ಸೇರುವಲ್ಲಿ ಅಚ್ಚಿನ ಗೆರೆ ಹುಡುಕಿ. ಆಮೇಲೆ ಚೀಟಿ ಓದಿ. ‘ಹೈನಾ ಶೈಲಿ’ ಎಂದಷ್ಟೇ ಬರೆದಿದ್ದರೆ ಅದು ದ್ವೀಪದಲ್ಲಿ ಸಿಕ್ಕಿದ್ದೆಂದು ಅರ್ಥವಲ್ಲ, ಎಲ್ಲಿ ಸಿಕ್ಕಿತೆಂದು ಬರೆದಿಟ್ಟವರಿಲ್ಲ ಎಂದು.